ಬಾಗಿಲಿಗೆ ಬದಿಯಿಂದ ಬರುವವರು

ಬಿಂದುಮಾಧವರು ಯಾರ ಮನೆಯ ಬಾಗಿಲಿಗೂ ನೇರ ಎದುರಿನಿಂದ ಬಂದವರಲ್ಲ. ಕೋಥರೂಡದ ನಮ್ಮ ಮನೆಗೆ ಬಂದರೂ ಗೋಡೆಗುಂಟ ನಡೆದು, ಚೌಕಟ್ಟಿನ ಬದಿಗೆ ನಿಂತು, ಅಲ್ಲಿಂದಲೇ ‘ಅದೀರೇನ್ರಿ?’ ಎಂದು ಕೇಳುತ್ತಾರೆ. ಜೇನುಪೆಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರೆ ಹಾರಿ ಬರುವ ಹುಳುಗಳ ದಾರಿ ತಪ್ಪುತ್ತದೆಂಬ ಮೂವತ್ತು ವರ್ಷಗಳ ಜೇನುಸಾಕಣೆಯ ಎಚ್ಚರ, ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದ ಈ ಧಾರವಾಡದವರ ಕಾಲಿಗೇ ಇಳಿದುಬಿಟ್ಟಿದೆ. ಕಪ್ಪು ಬಣ್ಣ ಹುಳಕ್ಕೆ ಸಿಟ್ಟು ತರಿಸುತ್ತದೆಂದು ಮದುವೆಮನೆಗೂ ಅದೇ ಮಾಸಲು ಬಿಳಿ ಕೋಟು. ಬಾಳೆಹಣ್ಣಿನ ವಾಸನೆಗೆ ಕೆರಳುತ್ತವೆಂದು, ಪೆಟ್ಟಿಗೆ ತೆರೆಯುವ ದಿನ ಸತ್ಯನಾರಾಯಣನ ಪ್ರಸಾದವನ್ನೂ ಕಣ್ಣಿಗೊತ್ತಿಕೊಂಡು ಮರಳಿಸಿ, ‘ಕಟ್ಟಿ ಇಡ್ರಿ, ಹುಳಾ ನೋಡಿ ಬಂದು ತಿಂತೀನಿ’ ಎನ್ನುವವರು. ದೇವರನ್ನೇ ಕಾಯಿಸುವ ಧೈರ್ಯವುಳ್ಳ ವೈಷ್ಣವರು ಇವರೊಬ್ಬರೇ ಎಂದು ನನ್ನ ಹೆಂಡತಿ ನಗುತ್ತಾಳೆ.

ದೀಪಾವಳಿ ಮುಗಿದು ಚಳಿ ಬಲಿಯುವ ಮೊದಲು, ಸಾಸವಡದ ಹತ್ತಿರದ ದಾಳಿಂಬೆ ತೋಟದಲ್ಲಿಟ್ಟ ಹತ್ತು ಪೆಟ್ಟಿಗೆಗಳ ರಾಣಿಯರ ಯೋಗಕ್ಷೇಮವನ್ನು ಅವರು ವಿಚಾರಿಸಲೇಬೇಕು. ಆದರೆ ರಾಣಿಯನ್ನು ಹುಡುಕುವುದಿಲ್ಲ. ‘ಆಕಿ ಮಾರಿ ನೋಡಿ ಏನ್ಮಾಡೋದ್ರಿ? ಆಕಿ ಕೆಲಸಾ ನೋಡ್ರಿ.’ ಮೇಣದ ಪ್ರತಿ ಕೋಣೆಯಲ್ಲಿ ದಾರದ ತುಣುಕಿನಂಥ ಒಂದೇ ಒಂದು ಮೊಟ್ಟೆ ನೆಟ್ಟಗೆ ನಿಂತಿದ್ದರೆ ರಾಣಿ ಕ್ಷೇಮ. ಎರಡು ಮೂರಿದ್ದರೆ ರಾಣಿ ಹೋಗಿದ್ದಾಳೆ, ಕೆಲಸದ ಹುಳುಗಳೇ ದಿಕ್ಕುಗೆಟ್ಟು ಇಡುತ್ತಿವೆ, ಆ ಸಂಸಾರ ಚಳಿಗಾಲ ದಾಟುವುದಿಲ್ಲ. ಹೋದ ವರ್ಷ ‘ಛಲೋ ಅದ’ ಎಂದು ಅವರು ಮುಚ್ಚಿದ ಪೆಟ್ಟಿಗೆಯೊಂದು ಸಂಕ್ರಾಂತಿಯ ಹೊತ್ತಿಗೆ ಬರಿದಾಗಿತ್ತು. ಅಂದಿನಿಂದ ತಮ್ಮ ಕಣ್ಣಿನ ಮೇಲೆ ಅವರಿಗೆ ಅನುಮಾನ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಈ ಸಲ ನನ್ನನ್ನೂ ಕರೆದುಕೊಂಡು ಹೋದರು. ತೋಟದ ಒಡತಿ ಶೈಲಾ ಬೆಳಗಾವಿಯವಳು, ಅವರಿಂದಲೇ ಈ ಕೆಲಸ ಕಲಿತವಳು. ಅವಳ ಕೈಗೆ ಭೂತಗನ್ನಡಿ ಕೊಟ್ಟು, ‘ನಾ ಮೊದಲ ಹೇಳ್ತೀನಿ, ಆಮ್ಯಾಲ ನೀ ನೋಡು. ನನ್ನ ಮಾರಿ ನೋಡಿ ಸುಳ್ಳ ಹೇಳಬ್ಯಾಡ’ ಎಂದರು. ಎಂಟು ಪೆಟ್ಟಿಗೆಗಳಲ್ಲಿ ಇಬ್ಬರ ಮಾತೂ ತಾಳೆಯಾಯಿತು. ಒಂಬತ್ತನೆಯದರ ಮೇಣದ ಚೌಕಟ್ಟನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಬಹಳ ಹೊತ್ತು ನೋಡಿ, ‘ಛಲೋ ಅದ’ ಎಂದರು. ಶೈಲಾ ಗಾಜಿನಲ್ಲಿ ನೋಡಿದಳು, ಮತ್ತೊಮ್ಮೆ ನೋಡಿದಳು.

‘ಕಾಕಾ, ಒಂದೊಂದ ಮನ್ಯಾಗ ಎರಡೆರಡ ತತ್ತಿ ಅದಾವ್ರಿ.’

ಬಿಂದುಮಾಧವರು ಒಂದು ಹುಳವೂ ನೋಯದಂತೆ ಚೌಕಟ್ಟನ್ನು ಒಳಗಿಳಿಸಿ, ಮುಚ್ಚಳ ಹಾಕಿ, ಪೆಟ್ಟಿಗೆ ತೆರೆಯುವ ಕಬ್ಬಿಣದ ಪಟ್ಟಿಯನ್ನು ಕೋಟಿನ ಅಂಚಿಗೆ ಒರೆಸಿ ಅವಳ ಕೈಗಿಟ್ಟರು. ‘ಇದನ್ನ ರಾಣಿ ಇದ್ದ ಬಾಜೂ ಪೆಟ್ಟಿಗಿಗೆ ಕೂಡಿಸು. ಇನ್ನ ಮ್ಯಾಲೆ ನೋಡಾಕಿ ನೀನ. ನಾ ಹೊಗಿ ಹಿಡೀತೀನಿ.’

‘ಕಣ್ಣಿನ ಪೊರಿ ಆಪರೇಶನ್ ಆಗ್ಲಿ, ಆಮ್ಯಾಲ ನೀವ ನೋಡೀರಂತ’ ಎಂದಳು ಶೈಲಾ.

‘ಆದಾಗ ನೋಡೋಣಂತ. ಅಲ್ಲೀತನಕ ಹುಳಾ ಕಾಯಂಗಿಲ್ಲ.’

ಹತ್ತನೆಯ ಪೆಟ್ಟಿಗೆಯನ್ನು ಅವಳೇ ತೆರೆದಳು. ಅವರು ಹುಳುಗಳನ್ನು ಶಾಂತವಾಗಿಡುವ ಹೊಗೆಡಬ್ಬಿ ಹಿಡಿದು, ಮೊದಲ ದಿನ ಕಲಿಯಲು ಬಂದವರಂತೆ, ಅವಳ ಮಾತಿಗೆ ಕಾದು ನಿಂತರು. ನನಗೆ ದುಃಖವಾಯಿತು, ದುಃಖಕ್ಕಿಂತ ದೊಡ್ಡದಾದ ಗೌರವವೂ ಮೂಡಿತು.

ತಮ್ಮ ವಿದ್ಯೆಯ ಮೇಲೆ ಅಭಿಮಾನವುಳ್ಳವರು ಲೋಕದಲ್ಲಿ ಬೇಕಾದಷ್ಟು ಮಂದಿ. ಕೈ ನಡುಗಿದರೂ ಕಣ್ಣು ಮಬ್ಬಾದರೂ ಅವರು ಬಾಗಿಲಿಗೆ ಅಡ್ಡ ನಿಂತೇ ಇರುತ್ತಾರೆ. ರಾಣಿಗೆ ಹಿಡಿದ ಅಳತೆಗೋಲನ್ನೇ ತಮಗೂ ಹಿಡಿದುಕೊಳ್ಳುವವರು ವಿರಳ. ಅಂಥವರು ಹೊತ್ತರಿತು ಬದಿಗೆ ಸರಿಯುತ್ತಾರೆ. ಒಳಗಿನ ಸಂಸಾರ ಚಳಿಗಾಲ ದಾಟುತ್ತದೆ.