ಬಾಗಿಲಜ್ಜಿಯ ಪರವಾಗಿ

ಅತ್ತೆಯ ಕಣ್ಣು ಮಂಜಾದ ಮೇಲೆ ಅವರಿಗೆ ಪುಸ್ತಕ ಓದಿ ಹೇಳುವ ಕೆಲಸ ಸೊಸೆಯ ಪಾಲಿಗೆ ಬಂತು. ಮಗನ ಕೈಗೆ ಪುಸ್ತಕ ಕೊಟ್ಟರೆ ಪುಟ ಮುಗಿಯುವ ಮೊದಲೇ ಆಕಳಿಸುತ್ತಿದ್ದ. ಮಗಳು ಪೇಟೆಯಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದಳು. ಹೊಸ ಪುಸ್ತಕ ಬಂದಾಗಲೆಲ್ಲ ತಂದುಕೊಡುತ್ತಿದ್ದಳೇ ಹೊರತು ಅಮ್ಮನ ಪಕ್ಕ ಕೂತು ಓದುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಸೊಸೆ ಹಲ್ಲುಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಯಾರದೋ ದವಡೆಯ ಅಚ್ಚಿನ ಮೇಲೆ ಮೇಣ ಕೆರೆದು, ಹಲ್ಲುಗಳನ್ನು ಸಾಲಾಗಿ ಕೂರಿಸಿ, ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಅತ್ತೆಯ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುವುದೇ ಅವಳಿಗೂ ಒಂದು ಸುಖವಾಗಿತ್ತು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಜೀವಮಾನವೆಲ್ಲ ಮುಖ ಕಾಣದ ಜನರ ದನಿ ಕೇಳಿಯೇ ಕಳೆದಿದ್ದರು. ಹಾಗಾಗಿ ಎಲ್ಲ ಪಾತ್ರಗಳನ್ನೂ ಒಂದೇ ದನಿಯಲ್ಲಿ ಓದಿದರೆ ಅವರಿಗೆ ಆಗುತ್ತಿರಲಿಲ್ಲ. ಮೊದಮೊದಲು ಸೊಸೆಗೆ ನಾಚಿಕೆಯಾಗುತ್ತಿತ್ತು. ಬರಬರುತ್ತಾ ಅವಳು ರಾಜನಿಗೊಂದು ಗಂಟಲು, ಮಾಟಗಾತಿಗೊಂದು ಗಂಟಲು ಇಟ್ಟುಕೊಂಡು, ಹೊಟ್ಟೆಯೊಳಗಿಂದ ಗುರುಗುಟ್ಟಿ ಡ್ರ್ಯಾಗನ್‌ಗೂ ಒಂದು ದನಿ ಹುಟ್ಟಿಸಿದಳು.

ಅವರು ಹಾಗೆ ಓದಿದ್ದು 'ಬೂದಿ ನದಿ' ಎಂಬ ಕಾದಂಬರಿ ಮಾಲಿಕೆಯನ್ನು. ಒಂಬತ್ತು ಸಂಪುಟ, ಒಂದೊಂದೂ ತಲೆದಿಂಬಿನಷ್ಟು ದಪ್ಪ. ಕಳೆದುಹೋದ ರಾಜಕುಮಾರ, ಸುಟ್ಟ ನಗರಗಳು, ಮಾತಾಡುವ ಕಾಗೆಗಳು, ಎಲ್ಲವೂ ಅದರಲ್ಲಿದ್ದವು. ಅತ್ತೆಗೆ ಅವರ್ಯಾರ ಮೇಲೂ ಅಷ್ಟು ಮೋಹವಿರಲಿಲ್ಲ. ಅವರ ಜೀವವೆಲ್ಲ ಬಾಗಿಲಜ್ಜಿಯ ಮೇಲೆ. ಬಾಗಿಲಜ್ಜಿ ಉತ್ತರದ ಕೋಟೆಯ ಬೀಗದ ಕೈ ಕಾಯುವ ಮುದುಕಿ. ಮೂರನೇ ಸಂಪುಟದಲ್ಲಿ ಡ್ರ್ಯಾಗನ್ ಬಂದು ಬಾಗಿಲು ತೆಗೆ ಎಂದಾಗ, ಊಟ ಮಾಡುತ್ತಿದ್ದೇನೆ, ಆಮೇಲೆ ಬಾ ಎಂದು ಒಳಗಿನಿಂದಲೇ ಹೇಳಿ ಇಡೀ ಊರನ್ನು ಉಳಿಸಿದವಳು. ಆ ಅಧ್ಯಾಯವನ್ನು ಅತ್ತೆ ಮತ್ತೆ ಮತ್ತೆ ಓದಿಸಿಕೊಂಡಿದ್ದರು. ಸೊಸೆಗೆ ಮಾತ್ರ ಸುಳ್ಳು ಹೇಳಿಯೇ ಬದುಕುವ ನಕಲಿ ಮಾಂತ್ರಿಕನೆಂದರೆ ಇಷ್ಟ. ಇಬ್ಬರ ನಡುವೆ ಈ ವಿಷಯಕ್ಕೆ ಎಷ್ಟೋ ಸಲ ಜಟಾಪಟಿ ಆಗಿತ್ತು. ಅಡುಗೆಮನೆಯ ವಿಷಯಕ್ಕೆ ಜಗಳವಾಡುವುದನ್ನು ಅವರು ಮರೆತೇಬಿಟ್ಟಿದ್ದರು.

ಕೊನೆಯ ಸಂಪುಟ ಬಂದಾಗ ಸೊಸೆ ರಜೆ ಹಾಕಿ ಓದಲು ಕೂತಳು. ನಡುಮಧ್ಯೆ ಒಂದು ವಾಕ್ಯ ಬಂತು: 'ಬಾಗಿಲಜ್ಜಿ ತೀರಿಹೋದ ಚಳಿಗಾಲದಲ್ಲೇ ರಾಜಕುಮಾರ ಹೊಸ ಸೈನ್ಯ ಕಟ್ಟಿದ.' ಸೊಸೆ ಓದಿಕೊಂಡು ಮುಂದಿನ ಸಾಲಿಗೆ ಹೋಗಿಯೇಬಿಟ್ಟಿದ್ದಳು.

ಅತ್ತೆ ಕೈಯೆತ್ತಿ ತಡೆದರು. ಇನ್ನೊಮ್ಮೆ ಓದಿಸಿದರು. ಹಿಂದಿನ ಪುಟದಲ್ಲಿ ಏನಾದರೂ ಬಿಟ್ಟುಹೋಗಿದೆಯೇ ನೋಡು ಎಂದರು. ಏನೂ ಬಿಟ್ಟುಹೋಗಿರಲಿಲ್ಲ. ಮುಂದೆ ಎಲ್ಲಾದರೂ ವಿವರ ಬರಬಹುದೆಂದು ಕೊನೆಯ ಪುಟದವರೆಗೂ ಕಾದರು. ಬರಲೇ ಇಲ್ಲ. ಅದೇ ಸಂಪುಟದಲ್ಲಿ ರಾಜಕುಮಾರನ ಬಿಳಿ ಕುದುರೆ ಸತ್ತದ್ದಕ್ಕೆ ಒಂದು ಅಧ್ಯಾಯವೇ ಇತ್ತು. ಅದರ ಕಣ್ಣಿನಲ್ಲಿ ಮೋಡ ತೇಲಿದ್ದು, ಸೈನಿಕರು ಸಾಲಾಗಿ ನಿಂತು ಅತ್ತದ್ದು, ಎಲ್ಲ.

ಅಂದು ಅತ್ತೆ ಊಟದ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು. ಮಗ ಗಾಬರಿಯಾಗಿ ಹುಷಾರಿಲ್ಲವೇ ಎಂದು ಕೇಳಿದ. ಪುಸ್ತಕದೊಳಗಿನ ಮುದುಕಿ ಸತ್ತಳು ಎಂದು ಹೆಂಡತಿ ಹೇಳಿದಾಗ ಅವನಿಗೆ ನಗು ಬಂತು. ಇಬ್ಬರೂ ಒಟ್ಟಿಗೆ ತಿರುಗಿ ನೋಡಿದ್ದರಿಂದ ನಗು ಅಲ್ಲೇ ನಿಂತಿತು.

ನಾದಿನಿಯ ಅಂಗಡಿಗೆ ಓದುಗರ ಒಂದು ಬಳಗವಿತ್ತು. ಫೋನಿನ ಗುಂಪಿನಲ್ಲಿ ಎಲ್ಲರೂ ತಾವು ಓದಿದ್ದರ ಬಗ್ಗೆ ಬರೆಯುತ್ತಿದ್ದರು. ಕೊನೆಯ ಸಂಪುಟವನ್ನು ಎಲ್ಲರೂ ಹೊಗಳಿ ಅಟ್ಟಕ್ಕೇರಿಸಿದ್ದರು. ಸೊಸೆ ತನ್ನ ಅಭಿಪ್ರಾಯ ಬರೆದು ಹಾಕಿದಳು. ಇಷ್ಟು ವರ್ಷ ಕಥೆಯನ್ನು ಹೆಗಲ ಮೇಲೆ ಹೊತ್ತವಳನ್ನು ಇನ್ಯಾರದೋ ವಾಕ್ಯದೊಳಗೆ ತುರುಕಿ ಸಾಯಿಸಿದ್ದು ಬರವಣಿಗೆಯ ಸೋಮಾರಿತನ ಎಂದಳು. ಗುಂಪಿನವರು ಮುಗಿಬಿದ್ದರು. ಯುದ್ಧವೆಂದರೆ ಹೀಗೇ ಇರುತ್ತದೆ ಎಂದವರಿದ್ದರು, ನಿಮಗೆ ಅರ್ಥವಾಗಿಲ್ಲ ಎಂದವರೂ ಇದ್ದರು. ಒಬ್ಬ ಬರೆದ: 'ವಯಸ್ಸಾದ ಪಾತ್ರ, ಹೇಗಿದ್ದರೂ ಸಾಯಲೇಬೇಕಿತ್ತಲ್ಲ.'

ಎಲ್ಲರೂ ಏನು ಬರೆದಿದ್ದಾರೆ ಓದು ಎಂದು ಅತ್ತೆ ಕೇಳಿದರು. ಸೊಸೆ ಆ ಒಂದನ್ನು ಹಾರಿಸಲು ನೋಡಿದಳು. ಮಧ್ಯೆ ಉಸಿರು ಹಿಡಿದೆ, ಏನೋ ನುಂಗಿಕೊಂಡೆ ಎಂದು ಅತ್ತೆ ತಕ್ಷಣ ಕಂಡುಹಿಡಿದರು. ಓದಲೇಬೇಕಾಯಿತು. ಅವನ ವಯಸ್ಸೆಷ್ಟು ಎಂದು ಅತ್ತೆ ವಿಚಾರಿಸಿದರು. ಗೊತ್ತಿಲ್ಲ ಎಂದಳು ಸೊಸೆ. ಆಗಲಿ, ಅವನಿಗೂ ಆಗುತ್ತದೆ ಎಂದರು ಅತ್ತೆ.

ಮರುದಿನ ಬೆಳಿಗ್ಗೆ ನೋಡಿದರೆ ಸೊಸೆಯ ಬರಹ ಗುಂಪಿನಲ್ಲಿ ಇರಲಿಲ್ಲ. ನಾದಿನಿ ಅಳಿಸಿದ್ದಳು. ಸೊಸೆ ಲ್ಯಾಬಿನಲ್ಲಿ ಪ್ಲಾಸ್ಟರ್ ಒಣಗುವಷ್ಟರಲ್ಲಿ ಮತ್ತೆ ಬರೆದು ಹಾಕಿದಳು. ಅದೂ ಮಾಯವಾಯಿತು. ಮತ್ತೆ ಹಾಕಿದಳು. ಸಂಜೆ ನಾದಿನಿಯೇ ಮನೆಗೆ ಬಂದಳು. ಆ ಭಾನುವಾರ ಲೇಖಕರು ಅಂಗಡಿಗೆ ಬರುವವರಿದ್ದರು. ಎಷ್ಟು ಓಡಾಡಿ ಒಪ್ಪಿಸಿದ್ದೇನೆ ಗೊತ್ತಾ ಎಂದು ಅವಳು ಗೋಗರೆದಳು. ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅತಿ ಹಿರಿಯ ಓದುಗಿ ಎಂದು ಪರಿಚಯಿಸಿ, ಲೇಖಕರ ಜೊತೆ ಫೋಟೋ ತೆಗೆಸುವ ಆಸೆ ಅವಳದು.

"ಅಮ್ಮ, ನೀನು ಬರೀ ಚೆನ್ನಾಗಿತ್ತು ಅಂತ ಹೇಳು ಸಾಕು."

"ಚೆನ್ನಾಗಿರಲಿಲ್ಲವಲ್ಲ."

"ಅತಿಥಿಗಳ ಮುಂದೆ ಹಾಗೆಲ್ಲ ಹೇಳ್ತಾರಾ?"

"ಹಾಗಾದ್ರೆ ಒಂಬತ್ತು ಪುಸ್ತಕ ಓದಿಸ್ಕೊಂಡಿದ್ದು ಫೋಟೋಗೆ ನಿಲ್ಲೋಕಾ?" ಅಂದರು ಅತ್ತೆ.

ನಾದಿನಿ ಅತ್ತಿಗೆಯ ಕಡೆ ತಿರುಗಿದಳು. ಅಮ್ಮನ ತಲೆಯಲ್ಲಿ ಇದನ್ನೆಲ್ಲ ತುಂಬಿದ್ದು ನೀವೇ ಎಂದಳು. ಸೊಸೆ ವಾದಕ್ಕಿಳಿಯಲಿಲ್ಲ. ನಾವು ಬಂದರೆ ಬಾಯಿ ಹೊಲಿದುಕೊಂಡು ಬರುವುದಿಲ್ಲ, ಬೇಡವಾದರೆ ಈಗಲೇ ಹೇಳು ಎಂದಳು. ಹೆತ್ತ ತಾಯಿಗೆ ಬರಬೇಡ ಎನ್ನಲು ನಾದಿನಿಗೆ ಬಾಯಿ ಬರಲಿಲ್ಲ. ಕಾಫಿ ಕುಡಿಯದೆ ಎದ್ದುಹೋದಳು.

ಭಾನುವಾರ ಅಂಗಡಿಯ ಮಹಡಿ ಕಿಕ್ಕಿರಿದಿತ್ತು. ಕಪಾಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಸೊಸೆ ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಮುಂದಿನ ಸಾಲಿನಲ್ಲೇ ಕೂರಿಸಿದಳು. ಲೇಖಕರು ಹಸನ್ಮುಖಿ, ಮೆಲುಮಾತಿನ ಮನುಷ್ಯ. ಓದುಗರು ಒಬ್ಬೊಬ್ಬರಾಗಿ ಎದ್ದು ಹೊಗಳಿದರು. ಒಬ್ಬ ಹುಡುಗಿಯಂತೂ ಕುದುರೆಯ ಸಾವನ್ನು ನೆನೆದು ಅತ್ತೇಬಿಟ್ಟಳು. ನಾದಿನಿ ಮೈಕನ್ನು ಹಿಂದಿನ ಸಾಲುಗಳಲ್ಲೇ ಸುತ್ತಿಸುತ್ತಿದ್ದಳು. ಅಮ್ಮನ ಕಡೆ ಬರಲೇ ಇಲ್ಲ.

ಅತ್ತೆ ಮೈಕಿಗೆ ಕಾಯಲಿಲ್ಲ. ಸೊಸೆಯ ಭುಜ ಹಿಡಿದು ಎದ್ದು ನಿಂತರು. ನೂರಾರು ಮೈಲಿ ಆಚೆಗೆ ಕರೆ ಜೋಡಿಸುತ್ತಿದ್ದ ಆ ದನಿ ಇನ್ನೂ ಮಾಸಿರಲಿಲ್ಲ. ತನಗೆ ಕಣ್ಣು ಕಾಣುವುದಿಲ್ಲ, ಅದಕ್ಕೆ ಸೊಸೆ ಪುಸ್ತಕದ ಎರಡು ಭಾಗ ಓದುತ್ತಾಳೆ, ಕೇಳಿಸಿಕೊಳ್ಳಿ ಎಂದರು.

ಸೊಸೆ ಮೊದಲು ಕುದುರೆಯ ಸಾವು ಓದಿದಳು. ಅದು ಚೆನ್ನಾಗಿತ್ತು, ಬೇಕೆಂದೇ ಕೆಡಿಸದೆ, ಮನಸ್ಸಿಟ್ಟು ಓದಿದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಪುಟ ತಿರುವಿ ಬಾಗಿಲಜ್ಜಿಯ ವಾಕ್ಯ ಓದಿದಳು. ಓದಲು ತೊಡಗುವಷ್ಟರಲ್ಲೇ ಮುಗಿದುಹೋಯಿತು. ಪುಸ್ತಕ ಮುಚ್ಚಿ ನಿಂತಳು.



ಲೇಖಕರು ಗಂಟಲು ಸರಿಮಾಡಿಕೊಂಡು, ಯುದ್ಧಕಾಲದಲ್ಲಿ ಎಷ್ಟೋ ದೊಡ್ಡವರ ಸಾವು ಹೀಗೇ ಸದ್ದಿಲ್ಲದೆ ಆಗಿಹೋಗುತ್ತದೆ, ಅದನ್ನೇ ತೋರಿಸಬೇಕಿತ್ತು ಎಂದು ವಿವರಿಸಿದರು. ಚಪ್ಪಾಳೆ ಬಿತ್ತು. ಅತ್ತೆ ಚಪ್ಪಾಳೆ ಮುಗಿಯುವವರೆಗೆ ಕಾದರು.

"ಸದ್ದಿಲ್ಲದೆ ಸಾಯಲಿ, ಬೇಡ ಅನ್ನಲ್ಲ. ಆದ್ರೆ ಬೆಳಿಗ್ಗೆ ಬೀಗದ ಕೈ ಯಾರು ತಗೊಂಡ್ರು? ಆ ಬಾಗಿಲ ಹತ್ರ ಯಾರಾದ್ರೂ ಒಂದು ಗಳಿಗೆ ನಿಂತ್ರಾ? ಅದನ್ನ ಬರೀಬೇಕಿತ್ತು ನೀವು. ಬರೆಯೋಕೆ ಬರಲ್ಲ ಅಂತಲ್ಲ, ಕುದುರೆಗೆ ಬರೆದಿದೀರಲ್ಲ."

ಅಲ್ಲಲ್ಲಿ ನಗು ಎದ್ದಿತು. ಲೇಖಕರ ಮುಖ ಕೆಂಪಾಯಿತು. ಕುದುರೆ ತನಗೆ ತುಂಬ ಇಷ್ಟದ ಪಾತ್ರವಾಗಿತ್ತು ಎಂದರು. ಅದು ಗೊತ್ತಾಯಿತು ಎಂದು ಅತ್ತೆ ಕೂತರು. ನಾದಿನಿ ಓಡಿ ಬಂದು ಮೈಕು ಹಿಡಿದು, ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವವರು ಸಾಲಾಗಿ ಬನ್ನಿ ಎಂದಳು. ಅತ್ತೆ ಸಾಲಿಗೆ ಹೋಗಲಿಲ್ಲ. ಫೋಟೋಗೂ ಯಾರೂ ಕರೆಯಲಿಲ್ಲ.

ಅದಾದ ಮೇಲೆ ನಾದಿನಿಯ ಫೋನು ಅಣ್ಣನಿಗೆ ಬಂತು. ತನ್ನ ಅಂಗಡಿಯಲ್ಲೇ ತನ್ನ ಮಾನ ಹರಾಜು ಹಾಕಿದರು, ಬಳಗದವರ ಹತ್ತಿರ ಇಬ್ಬರೂ ಕ್ಷಮೆ ಕೇಳುವವರೆಗೆ ಅಂಗಡಿಗೆ ಕಾಲಿಡುವುದು ಬೇಡ ಎಂದಳಂತೆ. ಅವನು ಬೆಕ್ಕಿನ ಹೆಜ್ಜೆ ಇಟ್ಟು ಅಮ್ಮನ ಕೋಣೆಗೆ ಬಂದು, ಒಂದು ಸಲ ಸಾರಿ ಹೇಳಿ ಮುಗಿಸಿಬಿಡಿ, ಮನೆಯಲ್ಲಿ ಶಾಂತಿ ಇರುತ್ತದೆ ಎಂದ.

"ಏನಕ್ಕೆ ಸಾರಿ?" ಸೊಸೆ ಕೇಳಿದಳು. "ಓದಿದ್ದಕ್ಕಾ, ಅನ್ನಿಸಿದ್ದಕ್ಕಾ?"

ಅವನು ಬಂದ ಹಾಗೇ ಹೊರಗೆ ಹೋದ. ಗುಂಪಿನಿಂದ ಸೊಸೆಯನ್ನು ತೆಗೆದುಹಾಕಿದರು. ಅವಳು ಓದುಗರ ಇನ್ನೊಂದು ತಾಣದಲ್ಲಿ ಅದೇ ಬರಹವನ್ನು, ಒಂದಕ್ಷರ ಮೆದುಮಾಡದೆ, ತನ್ನ ಹೆಸರು ಹಾಕಿ ಪ್ರಕಟಿಸಿದಳು.

ಹಟ ಹಿಡಿದದ್ದು ಸುಲಭವೇನೂ ಆಗಿರಲಿಲ್ಲ. ಮಗಳು ಬರುವುದನ್ನು ನಿಲ್ಲಿಸಿದ ಮೇಲೆ ಅತ್ತೆ ರಸ್ತೆಯಲ್ಲಿ ಸ್ಕೂಟರ್ ನಿಂತಾಗಲೆಲ್ಲ ಮಾತು ಅರ್ಧಕ್ಕೆ ಬಿಟ್ಟು ಕಿವಿಗೊಡುತ್ತಿದ್ದರು. ಕ್ಷಮೆ ಕೇಳಿಬಿಡೋಣವೇ ಎಂದು ಸೊಸೆ ಒಮ್ಮೆ ಮೆತ್ತಗೆ ಕೇಳಿದಳು. ಮಗಳು ಬೇಕು, ಹಾಗಂತ ಇಲ್ಲದ್ದನ್ನು ಹೇಳಿ ಅವಳನ್ನು ಕರೆಸಿಕೊಂಡರೆ ಬರುವವಳು ಯಾರ ಮಗಳು ಎಂದು ಅತ್ತೆ ತಿರುಗಿ ಕೇಳಿದರು. ಆಮೇಲೆ ಆ ಮಾತು ಬರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಬಸ್ ಡ್ರೈವರ್ ವಿಳಾಸ ಹುಡುಕಿಕೊಂಡು ಬಂದ. ಅಂಗಡಿಯ ಸಭೆಯಲ್ಲಿದ್ದವನಂತೆ. ಹೊಗಳಲು ಬಂದಿರಲಿಲ್ಲ. ನೀವು ಹೇಳಿದ್ದು ಪೂರ್ತಿ ತಪ್ಪು, ಬಾಗಿಲಜ್ಜಿಯ ಕಥೆ ಏಳನೇ ಸಂಪುಟದಲ್ಲೇ ಮುಗಿದುಹೋಗಿತ್ತು, ಆಮೇಲೆ ಅವಳನ್ನು ಎಳೆದಾಡಿದ್ದೇ ಲೇಖಕರ ತಪ್ಪು ಎಂದು ನಿಂತಲ್ಲೇ ಶುರುಮಾಡಿದ. ಅತ್ತೆಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಹೊತ್ತು ಮುಳುಗುವವರೆಗೆ ಕಿತ್ತಾಡಿದರು. ಮುಂದಿನ ವಾರ ಅವನು ತನ್ನ ಹೆಂಡತಿಯನ್ನೂ ಕರೆತಂದ. ಕುದುರೆಗೆ ಅತ್ತಿದ್ದ ಹುಡುಗಿಯೂ ಬಂದಳು. ಬೇರೆ ಬೇರೆ ಮಾಲಿಕೆಗಳ ಮಾತು ಬಂತು. ಎಳೆದೂ ಎಳೆದೂ ಹಳಸಿದವು ಯಾವುವು, ಬೇಗ ಮುಗಿಸಿ ಮೋಸ ಮಾಡಿದವು ಯಾವುವು ಎಂದು ಯಾರೂ ಯಾರ ಮಾತನ್ನೂ ಒಪ್ಪಲಿಲ್ಲ. ಮಗ ಚಹಾ ಮಾಡಿ ಮಾಡಿ ಸುಸ್ತಾದ.

ಅಂಥದೇ ಒಂದು ವಾರ ನಾದಿನಿ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ, ಇಷ್ಟು ಜನರ ಎದುರೇ ಹೇಳಿದಳು:

"ನಾನು ತಪ್ಪು ಮಾಡಿದೆ ಅಂತ ಹೇಳೋಕೆ ಬಂದಿಲ್ಲ. ಕೊನೇ ಪುಸ್ತಕಾನೇ ಎಲ್ಲಕ್ಕಿಂತ ಚೆನ್ನಾಗಿದೆ. ಈಗಲೂ ಅದೇ ಹೇಳ್ತೀನಿ."

"ನಾನೂ ಕ್ಷಮೆ ಕೇಳಲ್ಲ," ಎಂದರು ಅತ್ತೆ. "ಕೂತ್ಕೊ. ಯಾಕೆ ಚೆನ್ನಾಗಿದೆ ಹೇಳು."

ನಾದಿನಿ ತಡವರಿಸಿದಳು. ಅಷ್ಟು ದಿನ ಅವಳನ್ನು ಯಾರೂ ಯಾಕೆ ಎಂದು ಕೇಳಿರಲಿಲ್ಲ. ಪ್ರಕಾಶಕರು ಎಷ್ಟು ಪ್ರತಿ ಬೇಕು ಎಂದಷ್ಟೇ ಕೇಳಿದ್ದರು. ನೆಲದ ಮೇಲೆ ಕಾಲು ಮಡಚಿ ಕೂತು, ನಿಧಾನವಾಗಿ ಹೇಳತೊಡಗಿದಳು. ಗೆದ್ದ ರಾಜಕುಮಾರ ಕೊನೆಗೆ ಕಿರೀಟ ಬೇಡವೆಂದು ನದಿಗೆ ಇಳಿದುಹೋಗುವ ಪುಟವನ್ನು ಅಂಗಡಿಯ ಷಟರ್ ಎಳೆದುಕೊಂಡು ಒಬ್ಬಳೇ ಓದಿದೆ, ಮರುದಿನ ಷಟರ್ ಎತ್ತಲು ಮನಸ್ಸೇ ಬರಲಿಲ್ಲ ಎಂದಳು. ಅತ್ತೆ ಮಧ್ಯೆ ಬಾಯಿ ಹಾಕದೆ ಕೇಳಿದರು. ಮಗಳ ಆ ದನಿಯನ್ನು ಅವರು ಕೇಳಿ ಬಹಳ ಕಾಲವಾಗಿತ್ತು.

ಅವಳು ಮುಗಿಸಿದ ಮೇಲೆ ಎಲ್ಲರೂ ಅತ್ತೆಯ ಕಡೆ ನೋಡಿದರು.

"ಚೆನ್ನಾಗಿ ಹೇಳಿದೆ," ಎಂದರು ಅತ್ತೆ. "ಆದ್ರೂ ನಾನು ಒಪ್ಪಲ್ಲ."

ನಾದಿನಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಗಾದರೆ ಕೇಳು ಎಂದು ಮೊದಲಿನಿಂದ ಶುರುಮಾಡಿದಳು. ಸೊಸೆ ಅವಳಿಗೂ ಒಂದು ದಿಂಬು ಸರಿಸಿಕೊಟ್ಟಳು.