ರೆಮಿಗೆ ಹೇಳಬೇಡಿ

ರೆಮಿ ಬ್ರುಸಾರ್ ತೀರಿಕೊಂಡ ಸುದ್ದಿ ಕ್ಲೋವಿಸನಿಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಚರ್ಚಿನ ಮೆಟ್ಟಿಲ ಮೇಲೆ. ಊರಿಗೆಲ್ಲ ಹಿಂದಿನ ಸಂಜೆಯೇ ತಿಳಿದಿತ್ತು. ಕ್ಲೋವಿಸನಿಗೆ ತಿಳಿದಿರಲಿಲ್ಲ. ಶನಿವಾರ ಆಟ ಶುರುವಾಗುವ ಮೊದಲೇ ಅವನು ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತಿಟ್ಟಿದ್ದ. ಆಟದ ನಡುವೆ ರೆಮಿ ಫೋನು ಮಾಡಿ ಹಂಗಿಸುವುದು ಪ್ರತಿ ವರ್ಷದ ಪಾಡಾಗಿತ್ತು. ಈ ವರ್ಷ ಆ ಹಿಂಸೆ ಬೇಡವೆಂದುಕೊಂಡಿದ್ದ.

ಆದ್ದರಿಂದ ಆ ಬೆಳಿಗ್ಗೆ ಅವನು ಮದುವೆಯ ಗಂಡಿನಂತೆ ಬಂದ. ಬಿಳಿ ಅಂಗಿ, ಮಿರಿಮಿರಿ ಬೂಟು. ಮುಂಗೈ ಮೇಲೆ ಇಸ್ತ್ರಿ ಮಾಡಿದ ಹಸಿರು ಟೈ, ಅದರ ನಡುವೆ ಒಂಟಿ ಕಾಲಿನ ಮೇಲೆ ನಿಂತ ಒಂದು ಬೆಳ್ಳಕ್ಕಿ. ಟೈ ಅವನಿಗಲ್ಲ, ರೆಮಿಯ ಕೊರಳಿಗೆ.

ಲೂಯಿಸಿಯಾನಾದ ಆ ಕಬ್ಬಿನ ಸೀಮೆಯಲ್ಲಿ ಎರಡು ಕಾಲೇಜುಗಳು. ಒಂದರ ಫುಟ್‌ಬಾಲ್ ತಂಡಕ್ಕೆ ಬೆಳ್ಳಕ್ಕಿಗಳೆಂದು ಹೆಸರು, ಇನ್ನೊಂದರದಕ್ಕೆ ಏಡಿಗಳೆಂದು. ಅಮೆರಿಕದ ಈ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಎಸೆದು, ಹಿಡಿದು, ಗೆರೆಯಾಚೆ ಒಯ್ಯಬೇಕು. ಕ್ಲೋವಿಸ್ ಬೆಳ್ಳಕ್ಕಿಯವನು, ರೆಮಿ ಏಡಿಯವನು. ಇಬ್ಬರಲ್ಲಿ ಯಾರೂ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಕ್ಲೋವಿಸ್ ಸಕ್ಕರೆ ಗಿರಣಿಯಲ್ಲಿ, ರೆಮಿ ದೋಣಿ ಕಟ್ಟುವಲ್ಲಿ ಆಯುಷ್ಯ ಸವೆಸಿದವರು. ಆದರೂ ಆ ಹುಡುಗರು ಗೆದ್ದರೆ ತಾವೇ ಗೆದ್ದಂತೆ, ಸೋತರೆ ಮನೆಯಲ್ಲಿ ಒಲೆ ಹಚ್ಚಬಾರದೆಂಬಂತೆ ಅವರ ನಡವಳಿಕೆ. ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು: ವರ್ಷಕ್ಕೊಮ್ಮೆ ಈ ತಂಡಗಳು ಎದುರಾದ ಮರುದಿನ, ಸೋತವನು ಗೆದ್ದವನ ಟೈ ಕಟ್ಟಿಕೊಂಡು ಪೂಜೆಗೆ ಬಂದು ಮೊದಲನೆಯ ಬೆಂಚಿನಲ್ಲಿ ಕೂರಬೇಕು. ಕಳೆದ ಹದಿನೇಳು ವರ್ಷವೂ ರೆಮಿಯ ಇಟ್ಟಿಗೆ ಬಣ್ಣದ ಟೈ ಕ್ಲೋವಿಸನ ಕೊರಳಲ್ಲೇ ಇತ್ತು. ಅದರ ತುಂಬ ಏಡಿಗಳು, ಒಂದೊಂದಕ್ಕೂ ನಗುಮುಖ. ಬೆಳ್ಳಕ್ಕಿಯ ಟೈ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು.

ಮೆಟ್ಟಿಲ ಮೇಲೆ ಎಲ್ಫೇಜ್ ನಿಂತಿದ್ದ. ಚರ್ಚಿಗೆ ಬಂದವರನ್ನು ಬೆಂಚುಗಳಲ್ಲಿ ಕೂರಿಸುವುದು ಅವನ ಸೇವೆ. ಅವನ ಮುಖ ಬಾಡಿದ್ದನ್ನು ಕ್ಲೋವಿಸ್ ಕಂಡ. ಎಲ್ಫೇಜನೂ ಏಡಿಯವನೇ ಆದ್ದರಿಂದ ಅದು ಸಹಜವೆಂದುಕೊಂಡ.

"ಕ್ಲೋವಿಸ್," ಎಂದ ಎಲ್ಫೇಜ್ ತಗ್ಗಿದ ದನಿಯಲ್ಲಿ, "ನಿನ್ನೆ ಸಾಯಂಕಾಲ ರೆಮಿ ಹೋಗ್ಬಿಟ್ಟ ಕಣಪ್ಪ."

"ಹೋಗ್ದೆ ಏನ್ಮಾಡ್ತಾನೆ? ಇಲ್ಲಿಗೆ ಬಂದ್ರೆ ಇದನ್ನ ಕಟ್ಕೋಬೇಕಲ್ಲ." ಕ್ಲೋವಿಸ್ ಟೈ ಎತ್ತಿ ತೋರಿಸಿದ. "ಎಲ್ಲಿಗ್ ಹೋದ? ಮಗಳ ಮನೆಗಾ?"

"ಹಂಗಲ್ಲ ಮಾರಾಯ."

"ಎಲ್ಲಿಗಾದ್ರೂ ಹೋಗ್ಲಿ, ಬಿಡೋನಲ್ಲ ನಾನು. ಹದಿನೇಳು ವರ್ಷ ಕಾದಿದೀನಿ. ಅಟ್ಟಿಸ್ಕೊಂಡು ಹೋಗಿ ಕಟ್ತೀನಿ."

ಸುತ್ತಲಿದ್ದ ಹೆಂಗಸರು ತಲೆ ತಗ್ಗಿಸಿದರು. ಯಾರೂ ನಗಲಿಲ್ಲ. ಎಲ್ಫೇಜ್ ಅವನ ಭುಜದ ಮೇಲೆ ಕೈಯಿಟ್ಟು, "ಅವನು ದೇವರ ಹತ್ರ ಹೋದ, ಕ್ಲೋವಿಸ್. ಕುರ್ಚೀಲಿ ಕೂತಿದ್ದ ಹಂಗೇ," ಎಂದ.

ಆ ಪೂಜೆಯಲ್ಲಿ ಓದಿದ್ದೇನು, ಹಾಡಿದ್ದೇನು ಎಂದು ಕೇಳಿದರೆ ಕ್ಲೋವಿಸ್ ಹೇಳಲಾರ. ಟೈಯನ್ನು ಮಡಚಿ ಮಡಚಿ ಜೇಬಿಗೆ ತುರುಕಿದ್ದ. ಅದು ಅಲ್ಲಿ ಇಟ್ಟಿಗೆಯಷ್ಟು ಭಾರವಾಗಿತ್ತು. ಅಟ್ಟಿಸಿಕೊಂಡು ಹೋಗಿ ಕಟ್ಟುತ್ತೇನೆಂದು ಸತ್ತ ಗೆಳೆಯನ ಮೇಲೆ ಆಡಿದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಅಷ್ಟಾದರೂ ಮನಸ್ಸು ನಡುನಡುವೆ ಜಾರಿ ಆಟದ ಕಡೆಗೆ ಹೋಗುತ್ತಿತ್ತು. ಎಂಥ ಗೆಲುವು ಅದು. ಕೊನೆಯ ಹನ್ನೊಂದು ಸೆಕೆಂಡು ಉಳಿದಿತ್ತು. ಬೆಳ್ಳಕ್ಕಿಗಳ ಕಡೆಯವನು ಕಣ್ಣು ಮುಚ್ಚಿ ಎಸೆದಂತೆ ಚೆಂಡನ್ನು ಎಸೆದ. ಅದು ಏಡಿಯವನೊಬ್ಬನ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಚಿಮ್ಮಿತು. ಕಡ್ಡಿಯಂತಿದ್ದ ಒಬ್ಬ ಆಟಗಾರ, ಆ ವರ್ಷವೆಲ್ಲ ಆಡಲು ಸಿಗದೆ ಬೆಂಚು ಬಿಸಿ ಮಾಡಿದವನು, ಅದನ್ನು ಕಂಕುಳಲ್ಲಿ ಅವುಚಿಕೊಂಡು ಗೆರೆಯಾಚೆ ಬಿದ್ದ. ಇಪ್ಪತ್ತಾರಕ್ಕೆ ಇಪ್ಪತ್ತನಾಲ್ಕು. ಕ್ಲೋವಿಸ್ ಟಿವಿಯ ಮುಂದೆ ಮೊಣಕಾಲೂರಿ ದೇವರನ್ನು ಸ್ತುತಿಸಿದ. ಆಮೇಲೆ ಏಳಲಾಗಲಿಲ್ಲ. ಸ್ಟೂಲು ಕೈಗೆ ಸಿಗುವ ತನಕ ಹಾಗೆಯೇ ಇರಬೇಕಾಗಿ ಬಂದು, ಇನ್ನೂ ಎರಡು ಪ್ರಾರ್ಥನೆ ಹೆಚ್ಚಿಗೆ ಸಂದವು.

ಈ ಗೆಲುವಿಗಾಗಿ ಅವನು ಹದಿನೇಳು ವರ್ಷ ಮೇಣದಬತ್ತಿ ಹಚ್ಚಿದ್ದ. ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಂಡನೇ ಭಗವಂತ? ಛೆ, ದೇವರು ಅಂಥ ವ್ಯಾಪಾರಿಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಒಂದು ಮುಳ್ಳು ಮಾತ್ರ ಹೊರಬರಲಿಲ್ಲ. ರೆಮಿ ಆ ಹನ್ನೊಂದು ಸೆಕೆಂಡನ್ನು ಕಂಡನೇ? ಕಂಡಿದ್ದರೆ ಅದರಿಂದಲೇ ಎದೆ ಒಡೆದಿರಬಹುದು. ಕಾಣದಿದ್ದರೆ, ಯಾರಿಗೆ ತಿಳಿಯಬೇಕಿತ್ತೋ ಅವನೊಬ್ಬನಿಗೇ ತಿಳಿಯಲಿಲ್ಲ.

ಪೂಜೆ ಮುಗಿದ ಮೇಲೆ ಅವನು ರೆಮಿಯ ಮನೆಗೆ ಹೋದ. ನೆಂಟರು ಮುಂದಿನ ಕೋಣೆಯಲ್ಲಿ ತುಂಬಿದ್ದರು. ರೆಮಿಯ ಹೆಂಡತಿ ಒಡೀಲ್ ಅಡಿಗೆಮನೆಯಲ್ಲಿ ಒಬ್ಬಳೇ ಕುಳಿತಿದ್ದಳು.

"ಬಾ ಕ್ಲೋವಿಸ್. ಕೂತ್ಕೋ. ಆ ಕುರ್ಚಿ ಬೇಡ, ಕಾಲು ಅಲ್ಲಾಡತ್ತೆ. ರಿಪೇರಿ ಮಾಡ್ತೀನಿ ಮಾಡ್ತೀನಿ ಅಂತ ಆರು ವರ್ಷ ತಳ್ಳಿದ್ರು ಇವರು."

ಅವನು ಆ ಕುರ್ಚಿಯಲ್ಲೇ ಕುಳಿತ. ಅವಳೇ ಹೇಳಿದಳು.

"ನಾನು ಎಣ್ಣೇಲಿ ಹಿಟ್ಟು ಹುರೀತಾ ಇದ್ದೆ, ಗಂಬೋ ಸಾರಿಗೆ. ಕೈ ಬಿಟ್ರೆ ಸೀದುಹೋಗತ್ತೆ, ಗೊತ್ತಲ್ಲ ನಿಂಗೆ. ಇವರು ಟಿವಿ ಮುಂದಿಂದಾನೇ ಕೂಗಿದ್ರು, ಒಡೀಲ್, ನಾವು ಹನ್ನೊಂದು ಮುಂದೆ ಇದೀವಿ, ಬರೀ ಐದು ನಿಮಿಷ ಇದೆ, ಕ್ಲೋವಿಸ್‌ಗೆ ಈಗ್ಲೇ ಫೋನ್ ಮಾಡ್ತೀನಿ, ಟೈಗೆ ಕೊರಳು ತೊಳ್ಕೊಂಡಿರ್ಲಿ ಅಂತ. ಫೋನ್ ಮಾಡಿದ್ರು ಕಣೋ. ಎತ್ತಲಿಲ್ಲ ಅಂತ ಬೈಕೊಂಡು ನಕ್ರು. ಹೆದರ್ಕೊಂಡು ಮಂಚದ ಕೆಳಗೆ ಹೋಗಿದಾನೆ ಅಂದ್ರು. ಆಮೇಲೆ ಸದ್ದಿಲ್ಲ. ಹಿಟ್ಟು ಇಳಿಸಿ ಹೋಗಿ ನೋಡ್ತೀನಿ, ಫೋನು ತೊಡೆ ಮೇಲಿದೆ, ಮುಖದ ಮೇಲೆ ಇನ್ನೂ ನಗು ಹಂಗೇ ಇದೆ."

ಕ್ಲೋವಿಸ್ ಕರವಸ್ತ್ರ ಹುಡುಕಿದ. ಕೈಗೆ ಸಿಕ್ಕಿದ್ದು ಹಸಿರು ಟೈ. ಬೇಗನೆ ಒಳಕ್ಕೆ ತುರುಕಿದ.

"ನಾನು ಮೊದ್ಲು ಟಿವಿ ಆರಿಸ್ದೆ," ಎಂದಳು ಒಡೀಲ್. "ಆಮೇಲೆ ಏನಾಯ್ತೋ ಗೊತ್ತಿಲ್ಲ. ಕೇಳಿದ್ರೆ ಎಲ್ಲಾ ಮಾತು ಮರೆಸ್ತಾರೆ. ನೀನಾದ್ರೂ ಹೇಳು. ಯಾರು ಗೆದ್ರು?"

ಹದಿನೇಳು ವರ್ಷ ಕನಸಿನಲ್ಲಿ ಕೇಳಿದ ಪ್ರಶ್ನೆ ಅದು, ರೆಮಿಯ ಮನೆಯಲ್ಲೇ, ರೆಮಿಯ ಹೆಂಡತಿಯ ಬಾಯಿಂದಲೇ. ಉತ್ತರ ನಾಲಿಗೆಯ ತುದಿಗೆ ಬಂದು ಕುಣಿಯಿತು. ಸುಳ್ಳು ಹೇಳುವುದು ಪಾಪ. ನಿಜ ಹೇಳಿದರೆ ಆ ನಗುವನ್ನು ತಾನೇ ಕೈಯಾರೆ ಒರೆಸಿದಂತೆ.

"ರೆಮಿ ನೋಡಿದ್ದು ಎಷ್ಟೋ ಅಷ್ಟೇ ಆಟ, ಒಡೀಲ್," ಎಂದ ಕೊನೆಗೆ. "ಆ ಆಟದಲ್ಲಿ ನಾನು ಸೋತೆ. ಟೈ ಕೊಡು."

ಒಡೀಲ್ ಅವನನ್ನು ದಿಟ್ಟಿಸಿ ನೋಡಿದಳು.

"ಅಂದ್ರೆ ನೀವು ಗೆದ್ರಿ."

"ನಾನು ಹಂಗಂದ್ನಾ?"

"ಅನ್ನಬೇಕಾಗಿಲ್ಲ. ಕಿವಿ ಕೆಂಪಗಾಗಿದೆ. ಸ್ಕೂಲಲ್ಲಿ ಪೀಚ್ ಹಣ್ಣು ಕದ್ದಾಗ್ಲೂ ಹಿಂಗೇ ಆಗಿತ್ತು." ಅವಳು ನಕ್ಕಳು, ಹಿಂದಿನ ದಿನದಿಂದ ಅದೇ ಮೊದಲ ನಗು. ನಗುತ್ತಲೇ ಅತ್ತಳು. ಅಳುತ್ತಲೇ ಎದ್ದುಹೋಗಿ ಏಡಿಗಳ ಟೈ ತಂದಳು. ರೆಮಿ ಅದನ್ನು ಶುಕ್ರವಾರವೇ ಇಸ್ತ್ರಿ ಮಾಡಿಟ್ಟಿದ್ದ.

"ಇವರಿಗೆ ಹೇಳಬೇಡ," ಎಂದಳು.

"ಹೇಳಲ್ಲ."

ಮಂಗಳವಾರ ಬೆಳಿಗ್ಗೆ ರೆಮಿಯ ಶವಪೆಟ್ಟಿಗೆಯನ್ನು ಚರ್ಚಿನೊಳಗೆ ತೆರೆದಿಟ್ಟಿದ್ದರು. ಜಪಸರದ ಪ್ರಾರ್ಥನೆ ಮುಗಿದು ಪೂಜೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಪ್ಪು ಕೋಟಿನ ಮೇಲೆ ನಗುವ ಏಡಿಗಳನ್ನು ಕಟ್ಟಿಕೊಂಡು ಬಂದ ಕ್ಲೋವಿಸನನ್ನು ಕಂಡು ಎಲ್ಫೇಜ್ ಕಣ್ಣರಳಿಸಿದ.

"ಏನಯ್ಯಾ, ತಲೆ ಕೆಟ್ಟಿದ್ಯಾ? ಗೆದ್ದೋನು ನೀನು, ಈ ಏಡಿ ಯಾಕೆ ನಿನ್ನ ಕೊರಳಿಗೆ?"

"ಮೆಲ್ಲಗೆ ಮಾತಾಡೋ. ಅವನಿಗೆ ಕೇಳಿಸ್ತದೆ."

"ಯಾರಿಗೆ?"

ಕ್ಲೋವಿಸ್ ಗದ್ದದಿಂದ ಪೆಟ್ಟಿಗೆಯ ಕಡೆ ತೋರಿಸಿದ. ಎಲ್ಫೇಜನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಬೆಂಚಿನಿಂದ ಬೆಂಚಿಗೆ ಹೋಗಿ ಕಿವಿಯಲ್ಲಿ ಊದಿದ. ಅಂದು ಆ ಚರ್ಚಿನಲ್ಲಿ ಹಸಿರು ಪಕ್ಷದವರು, ಕೆಂಪು ಪಕ್ಷದವರು ಎಲ್ಲರೂ ಇದ್ದರು. ಆದರೆ ಶನಿವಾರ ಎಂಬ ಮಾತನ್ನು ಒಬ್ಬರೂ ಎತ್ತಲಿಲ್ಲ. ಫಾದರ್ ಹೆಬೇರ್ ಊರಿಗೆ ಹೊಸಬರು. ಅವರು ಪೆಟ್ಟಿಗೆಯ ಬಳಿ ನಿಂತು, "ಮಿಸ್ಟರ್ ಕ್ಲೋವಿಸ್, ಶನಿವಾರದ ಆಟದಲ್ಲಿ ನಿಮ್ಮ ತಂಡ ಕಡೇ ಗಳಿಗೇಲಿ," ಎನ್ನುತ್ತಿದ್ದಂತೆಯೇ ಇಪ್ಪತ್ತು ಜನ ಒಟ್ಟಿಗೆ ಕೆಮ್ಮಿದರು. ಫಾದರ್ ಗಾಬರಿಯಾಗಿ ಕಿಟಕಿ ಮುಚ್ಚಿಸಿದರು.

ಮುಚ್ಚಳ ಹಾಕುವ ಮೊದಲು ಗೆಳೆಯರು ಒಬ್ಬೊಬ್ಬರಾಗಿ ಬಂದು ಕೊನೆಯ ಮಾತು ಹೇಳಿದರು. ಕ್ಲೋವಿಸ್ ಎಲ್ಲರಿಗಿಂತ ಹಿಂದೆ ನಿಂತಿದ್ದ. ಅವನ ಸರದಿ ಬಂದಾಗ ಬಾಗಿ ನೋಡಿದ. ಒಡೀಲ್ ಹೇಳಿದ್ದು ನಿಜ. ತುಟಿಯ ಒಂದು ಮೂಲೆ ಮೇಲಕ್ಕೆ ಎದ್ದಿತ್ತು, ಪ್ರತಿ ವರ್ಷ ಟೈ ಚಾಚುವಾಗ ಏಳುತ್ತಿದ್ದಂತೆಯೇ. ರೆಮಿಯ ಕಿವಿ ಅವನ ಬಾಯಿಂದ ಗೇಣು ದೂರದಲ್ಲಿತ್ತು. ಇಪ್ಪತ್ತಾರು, ಇಪ್ಪತ್ತನಾಲ್ಕು. ಎರಡೇ ಮಾತು. ಯಾರಿಗೂ ಕೇಳಿಸುತ್ತಿರಲಿಲ್ಲ. ಇನ್ನು ಮುಂದೆ ಹೇಳಲು ಅವಕಾಶವೂ ಇಲ್ಲ. ನಾಲಿಗೆ ತುರಿಸಿತು. ಅವನು ಹಲ್ಲು ಕಚ್ಚಿ, ರೆಮಿಯ ತಣ್ಣನೆಯ ಕೈ ಮೇಲೆ ತನ್ನ ಕೈಯಿಟ್ಟು ಕಣ್ಣು ಮುಚ್ಚಿದ.

"ಸ್ವಾಮಿ, ರೆಮಿಯನ್ನು ನಿನ್ನ ಕೈಗೆ ಒಪ್ಪಿಸಿದ್ದೇವೆ. ಅವನ ಬಾಯಿ ಜೋರು, ಮನಸ್ಸು ಮೆತ್ತಗೆ. ಕಂಡದ್ದು ಕಾಣದ್ದು ಏನು ತಪ್ಪಿದ್ದರೂ ಮನ್ನಿಸು. ನಿನ್ನ ಬಾಗಿಲ ಬಳಿ ನಮ್ಮ ಹಸಿರು ಪಕ್ಷದವರು ಯಾರಾದರೂ ಇದ್ದರೆ, ಬಾಗಿಲು ಕಾಯುವ ಸಂತ ಪೇತ್ರನಿಗೆ ಹೇಳಿ ಅವರನ್ನು ದೂರ ಕೂರಿಸು. ನಾನೇ ಬಂದು ಹೇಳುವ ತನಕ ಅವನಿಗೆ ಏನೂ ತಿಳಿಯದಿರಲಿ. ನಿತ್ಯವಾದ ವಿಶ್ರಾಂತಿಯನ್ನು ಅವನಿಗೆ ಕೊಡು. ಆರದ ನಿನ್ನ ಬೆಳಕು ಅವನ ಮೇಲಿರಲಿ. ಅವನು ಶಾಂತಿಯಿಂದ ಮಲಗಿರಲಿ. ಆಮೆನ್."