ಸುರಂಗದ ಮುಂದೆ ಊದಿನಕಡ್ಡಿ

ಕುಷ್ಟಗಿಯಲ್ಲಿ ಮುದಿಯಪ್ಪನ ಮೂಗಿಗಿದ್ದ ಮರ್ಯಾದೆ ಮುದಿಯಪ್ಪನಿಗೇ ಇರಲಿಲ್ಲ. ಗ್ಯಾಸ್ ಏಜೆನ್ಸಿಯಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿದ್ದರೂ, ಯಾರ ಮನೆಯ ಸಿಲಿಂಡರ್ ಸೋರಿದ ಅನುಮಾನ ಬಂದರೂ ಅವನನ್ನೇ ಕರೆಯುತ್ತಿದ್ದರು. ಅವನು ಬಂದು ಮೊಣಕಾಲೂರಿ, ರೆಗ್ಯುಲೇಟರ್ ಬಳಿ ಒಮ್ಮೆ ಮೂಸಿ, "ಏನಿಲ್ಲ, ಹಚ್ಚವ್ವ ಒಲಿ" ಎಂದರೆ ಅದೇ ತೀರ್ಪು. ಸಬಕಾರದ ನೀರು ಹಚ್ಚಿ ಗುಳ್ಳೆ ನೋಡುವುದು ಮೂಗಿಲ್ಲದವರ ಕೆಲಸ ಎಂಬುದು ಅವನ ಅಭಿಪ್ರಾಯ.

ಆ ಮೂಗು ಕೊರೊನಾ ಬಂದುಹೋದಾಗಲೇ ಸತ್ತಿತ್ತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ; ನಾಲಿಗೆಗೆ ಉಪ್ಪು ಖಾರ ಮಾತ್ರ ತಿಳಿಯುತ್ತಿತ್ತು. ಈ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಾಳೆಯಿಂದ ಅವನನ್ನು ಯಾರು ಕರೆಯುತ್ತಾರೆ? ಹೋದ ಮನೆಯಲ್ಲೆಲ್ಲ ಸುಮ್ಮನೆ ಮೂಸಿದಂತೆ ಮಾಡಿ, "ಇರ್ಲಿ ಬಿಡವ್ವ" ಎಂದು ಹೊಸ ವಾಷರ್ ಹಾಕಿ ಬರುತ್ತಿದ್ದ. ದೇವರು ದೊಡ್ಡವನು, ನಾಲ್ಕು ವರ್ಷ ಏನೂ ಆಗಿರಲಿಲ್ಲ.

ಮನೆಯಲ್ಲಿ ಇನ್ನೊಂದು ಉಪಾಯ ಹೂಡಿದ್ದ. ಹೆಂಡತಿ ಕಸ್ತೂರೆಮ್ಮ ಒಗ್ಗರಣೆ ಹಾಕಿದಳೆಂದು ಕಂಡೊಡನೆ "ಏನ್ ಘಮಾ ಅಂತೈತಿ!" ಎನ್ನುತ್ತಿದ್ದ. ಒಗ್ಗರಣೆ ಸೀದು ಕರಕಲಾದ ದಿನವೂ ಹಾಗೇ ಅಂದ. ಮದುವೆಯಾದಾಗಿನಿಂದ ಒಂದು ದಿನವೂ ತನ್ನ ಅಡುಗೆಯನ್ನು ಹೊಗಳದವನಿಗೆ ಮುಪ್ಪಿನಲ್ಲಿ ಬುದ್ಧಿ ಬಂತಲ್ಲ ಎಂದು ಕಸ್ತೂರೆಮ್ಮ ಒಳಗೊಳಗೇ ಹಿಗ್ಗಿದ್ದಳು.

ಅಳಿಯ ಹುಲಿಗೇಶನದು ಕಾರಟಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡಿಂಗ್ ಅಂಗಡಿ. ಮೊಬೈಲಿನಲ್ಲಿ ನೋಡಿ ನೋಡಿ, ಜೀಪಿನ ಹಿಂದೆ ಕಟ್ಟಿ ಎಳೆಯುವ ಗಾಲಿಯ ಮನೆಯೊಂದನ್ನು ಕಟ್ಟಿದ. ಎರಡು ಮಂಚ, ಒಲೆ, ಸಿಲಿಂಡರ್, ಒಲೆಯ ಮೇಲೆ ಹುಲಿಗೆಮ್ಮ ದೇವಿಯ ಫೋಟೋ. ಅಳಿಯ, ಮಗಳು, ಅತ್ತೆ, ಮಾವ ನಾಲ್ವರ ಮೊದಲ ಪ್ರಯಾಣ ಧರ್ಮಸ್ಥಳಕ್ಕೆ ಎಂದಾಯಿತು. ಮುದಿಯಪ್ಪ ಯಾರೂ ಕೇಳದೆಯೇ ಸುರಕ್ಷತಾ ಅಧಿಕಾರಿಯಾದ.

"ಸಿಲಿಂಡರ್ ನೆಟ್ಟಗ ನಿಂತಿರಬೇಕು, ಬೆಲ್ಟ್ ಬಿಗಿದಿರಬೇಕು. ಗಾಡಿ ಓಡುವಾಗ ಒಳಗ ಯಾರೂ ಕೂಡಂಗಿಲ್ಲ. ಪ್ರತಿ ಸಲ ಹೊರಡುವಾಗ ರೆಗ್ಯುಲೇಟರ್ ಬಿಚ್ಚಿ ಕ್ಯಾಪ್ ಹಾಕಬೇಕು. ಸುರಂಗದಾಗ ಗ್ಯಾಸ್ ಸೋರಿದ್ರ ಎಲ್ಲಿಗೆ ಹೋಗತೈತಿ ಹೇಳು?" ಎಂದು ಕುಷ್ಟಗಿ ಬಿಟ್ಟಾಗಿನಿಂದ ಕೊರೆದ. ಹಿಟ್ನಾಳದ ಹತ್ತಿರ ನಿಂತು ಚಹಾ ಕಾಯಿಸಿ ಕುಡಿದರು. ಹೊರಡುವಾಗ ಮುದಿಯಪ್ಪ ರೆಗ್ಯುಲೇಟರಿನ ಗುಂಡಿಯನ್ನು ಅರ್ಧಂಬರ್ಧ ತಿರುವಿದನೇ ಹೊರತು ಬಿಚ್ಚಲಿಲ್ಲ. ಮೊಣಕಾಲು ನೋಯುತ್ತಿತ್ತು, ನಿಯಮಗಳೇನಿದ್ದರೂ ಉಳಿದವರಿಗೆ ತಾನೇ.

ಹೊಸಪೇಟೆ ದಾಟಿ ಸುರಂಗ ಕಂಡಾಗ ಹುಲಿಗೇಶ ಬದಿಗೆ ನಿಲ್ಲಿಸಿದ. ಹೊಸ ಗಾಡಿ, ಬೆಟ್ಟದ ಹೊಟ್ಟೆಯೊಳಗೆ ಹೋಗುವುದು ಮೊದಲ ಸಲ. ಊದಿನಕಡ್ಡಿ ಬೆಳಗದೆ ಹೋಗಲಾದೀತೇ? ಹಿಂದಿನ ಬಾಗಿಲು ತೆಗೆದವನೇ ಮುಖ ಸಿಂಡರಿಸಿದ.

"ಮಾವಾರ, ಏನೋ ನಾತ ಬರಾಕತ್ತೈತ್ರಿ."

ಮುದಿಯಪ್ಪ ಗಂಭೀರವಾಗಿ ಹತ್ತಿ, ಸಿಲಿಂಡರಿನ ಮೇಲೆ ಬಾಗಿ, ಎರಡು ಸಲ ಮೂಸಿದ. "ಗ್ಯಾಸ್ ಅಲ್ಲ."

"ಉಳ್ಳಾಗಡ್ಡಿ ಚೀಲ ತಂದೀನಲ್ಲ, ಕೊಳತಿರಬೇಕು," ಎಂದಳು ಕಸ್ತೂರೆಮ್ಮ.

"ಅಪ್ಪ ಮೂಸಿ ಹೇಳಿದ ಮ್ಯಾಲೆ ಮುಗೀತು," ಎಂದಳು ಮಗಳು ರೇಣುಕಾ. ಹೇಳುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

ಇಳಿದು ನಿಂತ ಮುದಿಯಪ್ಪ ಆಗ ಮೂವರನ್ನೂ ನೋಡಿದ. ಮಗಳ ಸೆರಗು ಮೂಗಿನ ಮೇಲೆ. ಹೆಂಡತಿಯ ಕೈ ಮೂಗಿನ ಮೇಲೆ. ಒಳಗೆ ಹತ್ತಿದ್ದ ಅಳಿಯ ಉಸಿರು ಬಿಗಿಹಿಡಿದು ಕಡ್ಡಿಪೆಟ್ಟಿಗೆ ತೆಗೆಯುತ್ತಿದ್ದ. ಮೂವರ ಮೂಗುಗಳೂ ಒಂದೇ ಮಾತು ಹೇಳುತ್ತಿದ್ದವು, ಮೂವರೂ ನಂಬಿದ್ದು ಮಾತ್ರ ಸತ್ತ ಮೂಗನ್ನು.

"ಹುಲಿಗೇಶ, ಹೊರಗ ಬಂದು ಹಚ್ಚೋ," ಎಂದ. ಮಾನ ಉಳಿಸಿಕೊಳ್ಳಲು ಅದೊಂದೇ ದಾರಿ ಉಳಿದಿತ್ತು.

"ದೇವ್ರು ಒಳಗದಾಳ್ರಿ. ನೀವ ಮೂಸೀರಲ್ಲ, ಇನ್ನೇನ್ ಅಂಜಿಕಿ?" ಅಳಿಯ ಕಡ್ಡಿಯನ್ನು ಪೆಟ್ಟಿಗೆಗೆ ಒತ್ತಿದ.

"ಗೀರಬ್ಯಾಡ!" ಮುದಿಯಪ್ಪ ಅರಚಿದ. "ನನಗ ವಾಸನಿ ಬರಂಗಿಲ್ಲೋ! ನಾಲ್ಕು ವರ್ಷ ಆತು, ಏನೂ ಬರಂಗಿಲ್ಲ!"

ಹುಲಿಗೇಶ ಕಡ್ಡಿಪೆಟ್ಟಿಗೆಯನ್ನು ಹೊಲದತ್ತ ಎಸೆದು ಹಾರಿದ. ಬಾಗಿಲು ಕಿಟಕಿ ತೆಗೆದು, ಎಲ್ಲರೂ ದೂರ ಹೋಗಿ ಬಹಳ ಹೊತ್ತು ನಿಂತರು. ಆಮೇಲೆ ರೇಣುಕಾ ಸಬಕಾರದ ನೀರು ಕಲಸಿ ಕೊಟ್ಟಳು. ಮುದಿಯಪ್ಪ ತನ್ನ ಕೈಯಾರೆ ಹಚ್ಚಿದ. ರೆಗ್ಯುಲೇಟರಿನ ಬುಡದಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಬಿಚ್ಚಿ ನೋಡಿದರೆ ಒಳಗಿನ ವಾಷರ್ ಹರಿದಿತ್ತು. ಊರಿಗೆಲ್ಲ ಹೊಸ ವಾಷರ್ ಹಾಕಿದವನು ತನ್ನವರ ಗಾಡಿಯದನ್ನು ಮರೆತಿದ್ದ. ಅವನೇ ಕ್ಯಾಪ್ ಒತ್ತಿ ಮುಚ್ಚಿದ.

ಅಳಿಯ ಬೈಯಲಿಲ್ಲ, ಮಗಳು ಅಳಲಿಲ್ಲ. ಕಸ್ತೂರೆಮ್ಮ ಮಾತ್ರ ಗಂಡನನ್ನೇ ದಿಟ್ಟಿಸಿ ನೋಡುತ್ತಿದ್ದಳು. ಸುಟ್ಟು ಬೂದಿಯಾಗುವುದು ತಪ್ಪಿದ್ದು ಅವಳ ತಲೆಯಲ್ಲಿ ಇದ್ದಂತಿರಲಿಲ್ಲ.

"ಹಂಗಾದ್ರ ದಿನಾ ನನ್ನ ಸಾರು ಘಮಾ ಅಂತೈತಿ ಅಂದದ್ದು?"

ಮುದಿಯಪ್ಪನಿಗೆ ಸುರಂಗದೊಳಗೆ ಓಡಿಹೋಗಬೇಕೆನ್ನಿಸಿತು. ಅವಳು ಜೀಪು ಹತ್ತಿ, ಸುರಂಗ ಮುಗಿಯುವವರೆಗೂ ಕಿಟಕಿಯತ್ತ ಮುಖ ತಿರುಗಿಸಿ ಕುಳಿತಳು. ಅವನಿಗೆ ಊರಿನಲ್ಲಿ ಮೂಗಿನ ಮಾನ ಹೋಗುವುದಕ್ಕಿಂತ ಆ ತಿರುಗಿಸಿದ ಮುಖವೇ ಹೆಚ್ಚು ಸಂಕಟವಾಯಿತು.

ಆಚೆಗೆ ಒಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಕಸ್ತೂರೆಮ್ಮ ರೊಟ್ಟಿಯ ಮೇಲೆ ಬದನೇಕಾಯಿ ಪಲ್ಯ ಬಡಿಸಿ ಗಂಡನ ಮುಂದೆ ಹಿಡಿದಳು.

"ಹೆಂಗೈತಿ?"

ರೂಢಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಒಂದು ತುತ್ತು ತಿಂದು, ಹೆದರುತ್ತಲೇ ಹೇಳಿದ:

"ಉಪ್ಪು ಜಾಸ್ತಿ ಆಗೇತಿ."

"ನಾಲ್ಕು ವರ್ಷದಿಂದ ಇಷ್ಟ ಹಾಕಾಕತ್ತೀನಿ," ಎಂದಳು ಕಸ್ತೂರೆಮ್ಮ. "ಇವತ್ತ ಖರೇ ಉಂಡೀರಿ ನೋಡ್ರಿ." ಅವನ ರೊಟ್ಟಿಯ ಮೇಲೆ ಒಂದು ಸೌಟು ಮೊಸರು ಸುರಿದಳು.